ವೈಪರ್ ತಂತಿಗೆ ರೇಡಿಯೇಟರಿನ ಸೋಲ್ಡರ್

2006ರಲ್ಲಿ ನಾನು ಕಲ್ಯಾಣದ ಪಕ್ಕದ ಶಹಾಡ್ ಸ್ಟೇಶನ್ ಹತ್ತಿರ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಸ್ವಂತ ಗ್ಯಾರೇಜು, ಇಪ್ಪತ್ತು ವರ್ಷದ ಅನುಭವ. ನನ್ನ ಬೆಸುಗೆ ಬಿಟ್ಟಿತೆಂದು ಒಬ್ಬ ಗಿರಾಕಿಯೂ ವಾಪಸು ಬಂದಿಲ್ಲವೆಂದು ಮೀಸೆ ತಿರುವುತ್ತಿದ್ದೆ. ಆ ಸೊಕ್ಕಿಗೆ ಬೆಂಕಿ ಬೀಳಲಿ.

ತಂತಿಗೆ ಹಾಕುವ ಸೋಲ್ಡರ್ ಬೇರೆ, ರೇಡಿಯೇಟರಿಗೆ ಹಾಕುವುದು ಬೇರೆ. ತಂತಿಯದ್ದು 60-40: ಅರುವತ್ತು ಪಾಲು ತವರ, ನಲವತ್ತು ಪಾಲು ಸೀಸ, ಒಳಗೆ ರೋಸಿನ್, ಅಂದರೆ ಮರದ ರಾಳ. ರೇಡಿಯೇಟರಿನವರು ಆಸಿಡ್ ಹಚ್ಚಿ ಬೆಸೆಯುತ್ತಾರೆ. ಅದು ಥಟ್ಟನೆ ಹಿಡಿಯುತ್ತದೆ, ಚೆನ್ನಾಗಿ ಹೊಳೆಯುತ್ತದೆ. ಆದರೆ ಉಳಿದ ಆಸಿಡ್ ತೇವ ಸಿಕ್ಕಿದರೆ ಒಳಗಿಂದೊಳಗೇ ತಾಮ್ರವನ್ನು ತಿನ್ನುತ್ತದೆ. ನನಗೆ ಗೊತ್ತಿರಲಿಲ್ಲ ಎನ್ನಲಾರೆ.

ಜೂನ್ ಮೊದಲ ವಾರ, ಮಳೆ ಶುರುವಾಗಿತ್ತು. ಡೊಂಬಿವಲಿಯಿಂದ ಶೇಖರನ ವ್ಯಾನು ಬಂತು. ಅಡುಗೆ ಕಂಟ್ರಾಕ್ಟರ್, ನನ್ನ ಹಾಗೆ ಕಾರ್ಕಳದ ಕಡೆಯವ, ನನ್ನ ಹಳೇ ದೋಸ್ತ್. ವೈಪರಿನ ತಂತಿಯನ್ನು ಇಲಿ ಕಡಿದಿತ್ತು. ನನ್ನಲ್ಲಿ ರೋಸಿನ್ ಸೋಲ್ಡರ್ ಮುಗಿದಿತ್ತು, ಕಲ್ಯಾಣದಿಂದ ತರಬೇಕು. ಶೇಖರ ಚಹಾಕ್ಕೆ ಹೋಗಿದ್ದಾಗ ಅವನ ಹೆಂಡತಿ ವನಜ ಹತ್ತಿರ ಬಂದಳು. ಸೋಲ್ಡರ್ ತರಲು ಹೊತ್ತಾಗುತ್ತದೆ ಎಂದೆ.

“ಅಣ್ಣ, ಹನ್ನೆರಡಕ್ಕೆ ಮದುವೆ ಊಟ ಮುಟ್ಟಬೇಕು. ಇದ್ದದ್ದರಲ್ಲೇ ಸುಧಾರಿಸಿ ಕೊಡಿ ಮಾರಾಯ್ರೆ.”

ಪಕ್ಕದ ರೇಡಿಯೇಟರ್ ಅಂಗಡಿಯಿಂದ ಸೋಲ್ಡರನ್ನೂ ಆಸಿಡ್ ಬಾಟಲಿಯನ್ನೂ ತಂದೆ. ಐದು ನಿಮಿಷದ ಕೆಲಸ. ಒದ್ದೆ ಬಟ್ಟೆಯಲ್ಲಿ ಒರೆಸಿ ಟೇಪು ಸುತ್ತಿದೆ. ವಾರದೊಳಗೆ ಬನ್ನಿ, ಸರಿಯಾಗಿ ಮಾಡಿಕೊಡುತ್ತೇನೆ ಎನ್ನಬೇಕಿತ್ತು. ಬೆಸುಗೆ ಅಷ್ಟು ಚೆಂದ ಕಂಡಿತು, ಹೇಳಲಿಲ್ಲ.

ಆಗಸ್ಟಿನಲ್ಲಿ, ಹಾಡುಹಗಲೇ, ಕಲ್ಯಾಣ್-ಶಿಲ್ ರಸ್ತೆಯ ಜಡಿಮಳೆಯಲ್ಲಿ ವೈಪರ್ ನಿಂತಿತು. ಮುಂದೆ ಕೆಟ್ಟು ನಿಂತಿದ್ದ ಟ್ರಕ್ಕು ಶೇಖರನಿಗೆ ಕಾಣಲಿಲ್ಲ. ವನಜ ಎಡಗಡೆ ಕುಳಿತಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಶೇಖರ ವ್ಯಾನನ್ನು ನನ್ನಲ್ಲಿಗೇ ಎಳೆಸಿಕೊಂಡು ಬಂದ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲವಂತೆ. “ನಾನು ನಿಧಾನ ಹೋಗಬೇಕಿತ್ತು ಮಾರಾಯ. ಅವಳನ್ನು ನಾನೇ ಕೊಂದದ್ದು,” ಎಂದ.

ಟೇಪು ಬಿಚ್ಚಿದೆ. ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಹತ್ತಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ತನ್ನನ್ನೇ ಶಪಿಸಿಕೊಳ್ಳುವುದನ್ನು ನೋಡಲಾಗಲಿಲ್ಲ.

“ತಪ್ಪು ನಿನ್ನದಲ್ಲ ಶೇಖರ. ನಾನು ಹಾಕಬಾರದ ಸೋಲ್ಡರ್ ಹಾಕಿದ್ದೆ.”

ಯಾಕೆಂದು ಕೇಳಿದ. ಉದಾಸೀನ ಮಾಡಿದೆ ಎಂದೆ. ವನಜ ಅವಸರ ಮಾಡಿದ್ದನ್ನು ಹೇಳಲಿಲ್ಲ. ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಅಷ್ಟು ವರ್ಷ ನನ್ನೊಡನೆ ಊರಿನ ಮಾತು ಬಿಟ್ಟು ಬೇರೆ ಆಡದಿದ್ದವ ಹಿಂದಿಯಲ್ಲಿ ಹೇಳಿದ: “ಠೀಕ್ ಹೈ, ಸೇಠ್. ಗಾಡಿ ಕೋ ಹಾಥ್ ಮತ್ ಲಗಾನಾ.” ಗಾಡಿಗೆ ಕೈ ಹಚ್ಚಬೇಡ ಅಂತ, ಗುರುತಿಲ್ಲದ ಗ್ಯಾರೇಜಿನವನಿಗೆ ಹೇಳುವ ಹಾಗೆ. ಮತ್ತೆ ಅವನು ಶಹಾಡಿಗೆ ಬರಲಿಲ್ಲ.

ಆಮೇಲೆ ರೋಸಿನ್ ಸೋಲ್ಡರ್ ಇಲ್ಲದ ದಿನ ನಾನು ತಂತಿ ಮುಟ್ಟಲಿಲ್ಲ. ಸರಿಯಾದ ಸಾಮಾನಿಲ್ಲದಿದ್ದರೆ ಆಗುವುದಿಲ್ಲ ಎನ್ನುವುದೂ ಕಸುಬೇ. ಆವತ್ತು ಹಾಗೆಂದಿದ್ದರೆ ವನಜ ಸ್ವಲ್ಪ ಸಿಟ್ಟಾಗುತ್ತಿದ್ದಳು, ಟೆಂಪೋ ಮಾಡಿಕೊಂಡು ಹೋಗುತ್ತಿದ್ದಳು. ಅಷ್ಟೆ.