ಅವ್ವ ಒರಗಿದ ಗೋಡೆ

ಬಾಡಿಗೆ ಮನೆ ಬಿಟ್ಟ ಮೇಲೆ ಅಡ್ವಾನ್ಸ್ ವಾಪಸ್ ಕೇಳುವುದಿದೆಯಲ್ಲ, ಅಷ್ಟು ನಾಚಿಕೆಗೇಡಿನ ಕೆಲಸ ನಾನು ಇನ್ನೊಂದು ಮಾಡಿಲ್ಲ. ದುಡ್ಡು ನಮ್ಮದೇ. ಆದರೂ ಗೇಟಿನ ಹೊರಗೆ ನಿಂತು ‘ಅಣ್ಣ ಇದ್ದಾರಾ?’ ಎಂದು ಕೇಳುವಾಗ ಸಾಲ ಕೇಳಲು ಬಂದವಳ ದನಿಯೇ ಬಾಯಿಗೆ ಬರುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಅವ್ವ ಹೇಳುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಗೋಣಿಕೊಪ್ಪಲಿನಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಹೆಂಗಸರಿಗೆಲ್ಲ ಅದು ಗೊತ್ತು. ಅಂಥವಳೂ ಆ ಗೇಟಿನ ಮುಂದೆ ಹಲ್ಲು ಗಿಂಜುತ್ತ ನಿಂತಿದ್ದೆ.

ಆ ಅಡ್ವಾನ್ಸ್ ಅವ್ವನ ದುಡ್ಡು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನ ನಮ್ಮದು. ಅಪ್ಪ ಬೇಗ ಹೋದ, ಇದ್ದ ಚೂರು ಜಮೀನು ದೊಡ್ಡಪ್ಪನ ಪಾಲಾಯಿತು. ಅವ್ವ ನನ್ನನ್ನು ಕಟ್ಟಿಕೊಂಡು ಬಾಳೆಲೆ ಕಡೆಯ ಕಾಫಿ ಎಸ್ಟೇಟೊಂದಕ್ಕೆ ಕೂಲಿಗೆ ಬಂದು, ಕೂಲಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಆಯುಸ್ಸು ಸವೆಸಿದಳು. ಲೈನ್ ಮನೆಗೆ ಬಾಡಿಗೆಯಿಲ್ಲ, ಅಡ್ವಾನ್ಸೂ ಇಲ್ಲ. ಕೆಲಸ ನಿಂತ ದಿನ ಮನೆಯೂ ಇಲ್ಲ. ಮೊಣಕಾಲು ಸೋತು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋಗಲಾಗದೆ ಕೆಲಸ ಬಿಟ್ಟಾಗ ಕೈಗೆ ಬಂದ ಪಿ.ಎಫ್. ಹಣವನ್ನು ಅವಳು ಹಾಗೆಯೇ ತಂದು ಗೋಣಿಕೊಪ್ಪಲಿನ ಆ ಮನೆಗೆ ಅಡ್ವಾನ್ಸ್ ಕೊಟ್ಟಳು. ನಾನು ಆಗಷ್ಟೇ ಅಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೆ. ಅದಕ್ಕೂ ಮೊದಲು ನನಗೊಂದು ಮದುವೆಯೂ ಆಗಿತ್ತು, ಅದರ ಕಥೆ ಇಲ್ಲಿ ಬೇಡ.

‘ಇದು ಖರ್ಚಾದ ದುಡ್ಡಲ್ಲ ಕಣೆ,’ ಅಂದಿದ್ದಳು ಅವ್ವ, ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ. ‘ಗೋಡೆಯೊಳ್ಗೆ ಇಟ್ಟಂಗೆ. ನಾನ್ ಹೋದ್ಮೇಲೆ ನಿಂಗೆ ಅಂತ ಉಳಿಯೋದು ಇದೊಂದೇಯ. ಒಂದ್ ರೂಪಾಯೂ ಬಿಡ್ಬೇಡ.’

ಅವ್ವ ಕೂರುತ್ತಿದ್ದುದು ಮುಂದಿನ ಹಾಲ್‌ನ ಒಂದೇ ಜಾಗದಲ್ಲಿ. ಅಡುಗೆಮನೆ ಪಕ್ಕದ ಗೋಡೆಗೆ ಒರಗಿ, ಕಾಲು ಚಾಚಿ, ಮುಂಬಾಗಿಲಿಗೆ ಮುಖ ಮಾಡಿ. ಕಾಲು ನೋವಿಗೆಂದು ಕುರ್ಚಿ ತಂದುಕೊಟ್ಟರೆ ಅದರ ಮೇಲೆ ಒಗೆದ ಬಟ್ಟೆ ಮಡಿಸಿಟ್ಟಳು. ಅಲ್ಲೇ ಕೂತು ನನ್ನ ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು. ದಿನಾ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಬೀಳಲೇಬೇಕು. ಎಸ್ಟೇಟಿನಲ್ಲಿ ಚೀಲ ಹೊತ್ತು ಹೊತ್ತು ನೆತ್ತಿಯ ಕೂದಲೆಲ್ಲ ಉದುರಿಹೋಗಿತ್ತು. ಎಣ್ಣೆ ಇಲ್ಲದಿದ್ದರೆ ನೆತ್ತಿ ಉರಿಯುತ್ತದೆ ಎನ್ನುತ್ತಿದ್ದಳು. ವರ್ಷ ಕಳೆದಂತೆ ಅವಳ ತಲೆ ತಾಗುವಲ್ಲಿ ಗೋಡೆಯ ಮೇಲೆ ತಟ್ಟೆಯಗಲದ ಕಪ್ಪು ಗುರುತು ಬಿತ್ತು. ‘ಗೋಡೆ ಹಾಳಾಗ್ತದೆ, ಒಂದು ಬಟ್ಟೆನಾದ್ರೂ ಇಟ್ಕೊಂಡು ಒರಗವ್ವ,’ ಎಂದು ನಾನು ಎಷ್ಟು ಸಲ ಸಿಡುಕಿದ್ದೆನೋ. ಬಟ್ಟೆ ಜಾರುತ್ತಿತ್ತು, ಅವ್ವ ಮರೆಯುತ್ತಿದ್ದಳು.

ಮನೆಯ ಓನರ್ ಮುಂದಿನ ದೊಡ್ಡ ಮನೆಯಲ್ಲಿದ್ದರು. ಶ್ರೀಮಂಗಲದ ಹತ್ತಿರ ಸ್ವಲ್ಪ ಕಾಫಿ, ಮೆಣಸು ಇಟ್ಟುಕೊಂಡ ಮನುಷ್ಯ. ಕೆಟ್ಟವರೆಂದು ನಾನು ಹೇಳಲಾರೆ. ಗಂಡ ಹೆಂಡತಿ ಇಬ್ಬರೂ ಅವ್ವನನ್ನು ‘ಅಮ್ಮ’ ಎಂದೇ ಮಾತಾಡಿಸುತ್ತಿದ್ದರು, ಹಬ್ಬಕ್ಕೆ ಒಬ್ಬಟ್ಟು ಈ ಕಡೆಯಿಂದ ಹೋದರೆ ಆ ಕಡೆಯಿಂದ ಬಟ್ಟಲು ಖಾಲಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮದೇ ಬೀದಿಯ ಇನ್ನೊಂದು ಬಾಡಿಗೆ ಮನೆಯಲ್ಲಿ ಮುದುಕರೊಬ್ಬರು ತೀರಿಕೊಂಡರು. ಹೋದ ನಕ್ಷತ್ರ ಸರಿಯಿಲ್ಲ, ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕು, ಶಾಂತಿ ಮಾಡಿಸಬೇಕು ಎಂದು ಆ ಮನೆಯ ಓನರ್ ಇಡೀ ಅಡ್ವಾನ್ಸ್ ಹಿಡಿದುಕೊಂಡನಂತೆ. ಸುದ್ದಿ ತಂದವಳು ಹಾಲಿನವಳು. ಅವ್ವ ಹುಕ್ಕು ಹಾಕುತ್ತಿದ್ದ ಸೂಜಿಯನ್ನು ಅಲ್ಲೇ ಬಟ್ಟೆಗೆ ಚುಚ್ಚಿ ಕೂತಳು. ‘ಅಲ್ಲ, ಸಾಯೋದಕ್ಕೂ ಓನರ್ನ ಕೇಳ್ಬೇಕಾ?’ ಎಂದು ನಾನು ಕೂಗಾಡಿದೆ.

ಮುಂದಿನ ಮಳೆಗಾಲದಲ್ಲಿ ಅವಳು ಮಲಗಿದಳು. ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಮೈಸೂರಿನ ಡಾಕ್ಟರು ಒಂದೆರಡು ಸಲ ತೆಗೆದು, ಆಮೇಲೆ ವಯಸ್ಸಾಯಿತು, ಮನೆಗೆ ಕರೆದುಕೊಂಡು ಹೋಗಿ, ಬಾಯಿಗೆ ರುಚಿಯಾದ್ದು ಕೊಡಿ ಎಂದರು. ಕರೆತಂದೆ. ಅಂಗಡಿ ಮುಚ್ಚಿ ಪಕ್ಕದಲ್ಲೇ ಕೂತೆ. ಮಂಚ ಬೇಡವೆಂದು ಹಟ ಮಾಡಿ ಅದೇ ಗೋಡೆಯ ಬುಡದಲ್ಲೇ ಹಾಸಿಗೆ ಹಾಕಿಸಿಕೊಂಡಳು. ಅವಳು ಅಲ್ಲೇ ಹೋಗಲಿ ಎಂದು ನನ್ನ ಮನಸ್ಸು ಒಪ್ಪಿತ್ತು. ಜೀವಮಾನದಲ್ಲಿ ‘ನಮ್ಮನೆ’ ಎಂದು ಅವಳು ಹೇಳಿದ್ದು ಅದೊಂದನ್ನೇ.

ಒಂದು ಬೆಳಿಗ್ಗೆ ಉಸಿರು ಎಳೆಯುತ್ತಿರುವಾಗಲೇ ನನ್ನ ಕೈ ಹಿಡಿದಳು.

‘ಆಟೋ ಕರೆ ಮಗ. ನನ್ನ ಈಚೆಗೆ ಕರ್ಕಂಡೋಗು.’

‘ಎಲ್ಲಿಗವ್ವ?’

‘ಎಲ್ಲಿಗಾದ್ರೂವೆ. ಇಲ್ಲಿ ಬ್ಯಾಡ. ನಿನ್ನ ಅಂಗ್ಡಿಗೆ ಹಾಕು.’

‘ಅಂಗ್ಡಿಗೂ ಅಡ್ವಾನ್ಸ್ ಕೊಟ್ಟಿದೀವಲ್ಲವ್ವ,’ ಎಂದೆ, ಅಳುತ್ತಲೇ. ಅಷ್ಟು ಕಷ್ಟದಲ್ಲೂ ಅವಳ ಮುಖದಲ್ಲಿ ನಗು ಬಂದಂತಾಯಿತು.

‘ಅಂಗಾದ್ರೆ ದೊಡ್ಡಾಸ್ಪತ್ರೆ. ಅಲ್ಲಿ ಯಾರೂ ಹಿಡ್ಕಳಕ್ಕಿಲ್ಲ.’

ನಾನು ಆಗುವುದಿಲ್ಲ ಎಂದೆ. ಬೈದೆ, ಬೇಡಿಕೊಂಡೆ, ಆ ದುಡ್ಡು ಹಾಳಾಗಿ ಹೋಗಲಿ ಎಂದೆ. ಆ ಮಾತಿಗೆ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನಾನು ಎತ್ತಿ ಹಿಡಿದ ಗಂಜಿಯ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಮಧ್ಯಾಹ್ನದವರೆಗೂ ತೆರೆಯಲಿಲ್ಲ. ಕೊನೆಗೆ ಆಟೋ ಕರೆದೆ. ಓನರ್ ತಾವೇ ಬಂದು ಗೇಟಿನ ಎರಡೂ ಬಾಗಿಲು ತೆಗೆದರು. ಹೋಗಬೇಡಿ ಎನ್ನಲಿಲ್ಲ, ಹೋಗಿ ಎಂದೂ ಹೇಳಿರಲಿಲ್ಲ. ಅವರ ಹೆಂಡತಿ ಅವ್ವನ ಸೆರಗು ಚಕ್ರಕ್ಕೆ ಸಿಗದಂತೆ ಒಳಗೆ ಸೇರಿಸಿದರು.

ಆಸ್ಪತ್ರೆಯ ವಾರ್ಡಿನಲ್ಲಿ ಅವಳಿಗೆ ಸಿಕ್ಕ ಮಂಚದಿಂದ ಬಾಗಿಲು ಕಾಣುತ್ತಿರಲಿಲ್ಲ. ಕತ್ತು ಹೊರಳಿಸಿ ಹೊರಳಿಸಿ ಹುಡುಕುತ್ತಿದ್ದಳು. ಎರಡು ದಿನ ಹಾಗೇ ಹುಡುಕಿ ಹೋದಳು. ಅಲ್ಲಿಂದ ನೇರ ಸ್ಮಶಾನಕ್ಕೇ. ವ್ಯಾನ್ ಡ್ರೈವರಿಗೆ ಹೇಳಿ ನಮ್ಮ ಬೀದಿಯಲ್ಲೇ ಹಾಯಿಸಿದೆ. ನಾನು ಮನೆ ತೋರಿಸಿದಾಗ ಅವನೇ ನಿಧಾನ ಮಾಡಿದ. ಓನರ್ ಹೆಂಡತಿ ಕಾಂಪೌಂಡಿನ ಒಳಗೇ ಕೈ ಮುಗಿದು ನಿಂತಿದ್ದರು. ನಾನು ಗೇಟು ತೆಗೆಯಿರಿ ಎನ್ನಲಿಲ್ಲ. ಎಂದಿದ್ದರೆ ಅವ್ವನಿಗೇ ಸಿಟ್ಟು ಬರುತ್ತಿತ್ತು.

ಆ ಮನೆಯಲ್ಲಿ ಒಬ್ಬಳೇ ಇರಲಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಗೆ ಪಾತ್ರೆ ಪಗಡೆ ಸಾಗಿಸಿ, ಬೀಗದ ಕೈ ಕೊಟ್ಟು, ಅಡ್ವಾನ್ಸ್ ಕೇಳಿದೆ. ‘ಈಗ ಕೈಯಲ್ಲಿ ಎಂತದೂ ಇಲ್ಲಮ್ಮ. ಪಿಕ್ಕಿಂಗ್ ಮುಗೀಲಿ, ಕಾಫಿ ದುಡ್ಡು ಬಂದ ತಕ್ಷಣ ಕೊಡ್ತೇನೆ,’ ಅಂದರು ಓನರ್. ಕೊಡಗಿನಲ್ಲಿ ಮದುವೆ, ಮನೆ ರಿಪೇರಿ, ಸಾಲ ಎಲ್ಲವೂ ಕಾಫಿ ದುಡ್ಡಿಗೆ ಕಾಯುತ್ತವೆ, ನಾನೂ ಕಾದೆ. ಪಿಕ್ಕಿಂಗ್ ಮುಗಿಯಿತು. ಕಣದಲ್ಲಿ ಒಣಗುತ್ತಿದೆ ಅಂದರು. ರೇಟು ಏರುತ್ತಿದೆ, ಇನ್ನು ಸ್ವಲ್ಪ ತಡೆದು ಮಾರುತ್ತೇನೆ ಅಂದರು. ನನ್ನ ಚಪ್ಪಲಿ ಸವೆಯಿತು. ಆದರೂ ಬಿಡಲಿಲ್ಲ, ಒಂದು ರೂಪಾಯಿಯೂ ಬಿಡಬೇಡ ಎಂದವಳು ಅದಕ್ಕಾಗಿ ತನ್ನ ಹಾಸಿಗೆ ಬಿಟ್ಟು ಎದ್ದು ಹೋಗಿದ್ದಳಲ್ಲ.

ಕಡೆಗೆ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿ ಕರೆದರು. ದುಡ್ಡು ಕೊಡುವ ಮುಂಚೆ ಖಾಲಿ ಮನೆಯ ಬಾಗಿಲು ತೆಗೆದು ಒಂದೊಂದೇ ಕೋಣೆ ತೋರಿಸುತ್ತ ಬಂದರು. ನಲ್ಲಿ ಸರಿಯಿದೆ. ಸಿಂಕು ಸರಿಯಿದೆ. ಹಾಲ್‌ಗೆ ಬಂದು ಆ ಗೋಡೆಯ ಮುಂದೆ ನಿಂತರು.

‘ಉಳಿದ ಗೋಡೆ ನಾನೇ ಬಣ್ಣ ಹೊಡೆಸ್ತೇನೆ ಅಮ್ಮ, ಅದು ನನ್ನ ಖರ್ಚು. ಆದರೆ ಇದು ಎಣ್ಣೆ ಕಲೆ. ಇದರ ಮೇಲೆ ಬಣ್ಣ ನಿಲ್ಲೋದಿಲ್ಲ. ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೀಬೇಕು. ಇದಕ್ಕೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತೇನೆ.’

ಆ ಮನೆಯಲ್ಲಿ ಸತ್ತ ಗುರುತು ಉಳಿಯಬಾರದೆಂದು ಅವ್ವ ಹೊರಗೆ ಹೋಗಿ ಸತ್ತಿದ್ದಳು. ಅಲ್ಲಿ ಬದುಕಿದ್ದ ಗುರುತಿಗೆ ಇವರು ದುಡ್ಡು ಕೇಳುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, ‘ಹಾಗಾದ್ರೆ ಒಂದು ಕೆಲಸ ಮಾಡಿ. ನೀವೇ ಕೆರೆದು ಕ್ಲೀನ್ ಮಾಡಿಕೊಡಿ. ನಾನು ಒಂದು ಪೈಸೆ ಹಿಡಿಯೋದಿಲ್ಲ,’ ಎಂದು ಬೀಗದ ಕೈ ನನ್ನ ಕೈಗೇ ಕೊಟ್ಟರು.

ಇದಕ್ಕಿಂತ ನ್ಯಾಯ ಇನ್ನೇನಿದೆ? ಮರುದಿನ ಸೋಪಿನ ಪುಡಿ, ಬಕೆಟ್ಟು, ಗೋಡೆ ಕೆರೆಯುವ ತಗಡು ಹಿಡಿದುಕೊಂಡು ಹೋದೆ. ಸೀರೆ ಎತ್ತಿ ಕಟ್ಟಿ, ತಗಡನ್ನು ಗುರುತಿನ ಅಂಚಿಗೆ ಇಟ್ಟೆ. ಸುಣ್ಣದ ಚೂರು ಚಕ್ಕೆ ಎದ್ದು ಕೆಳಗೆ ಬಿತ್ತು. ಬಗ್ಗಿ ಎತ್ತಿ ಮೂಸಿದೆ. ಕೊಬ್ಬರಿ ಎಣ್ಣೆಯ ವಾಸನೆ ಇತ್ತು, ಸ್ವಲ್ಪ ಕಮಟು ಹಿಡಿದಿತ್ತು, ಅವ್ವನ ದಿಂಬಿನ ವಾಸನೆಯೇ. ಅವಳದು ಒಂದು ಒಳ್ಳೆಯ ಫೋಟೊ ಕೂಡ ನನ್ನ ಹತ್ತಿರ ಇಲ್ಲ. ಆಧಾರ್ ಕಾರ್ಡಿನಲ್ಲಿರುವುದು ಅವಳ ಹಾಗೆ ಕಾಣುವುದಿಲ್ಲ.

ತಗಡು ಕೆಳಗಿಟ್ಟು ಅಲ್ಲೇ ಕೂತೆ, ಅವಳು ಕೂರುವ ಹಾಗೆ ಕಾಲು ಚಾಚಿ. ಗುರುತು ನನ್ನ ಕತ್ತಿನ ಹತ್ತಿರಕ್ಕೆ ಬಂತು. ಅಷ್ಟು ಕುಳ್ಳಗಾಗಿಬಿಟ್ಟಿದ್ದಳೇ? ಸ್ವಲ್ಪ ಕೆಳಗೆ ಜಾರಿ ತಲೆಯನ್ನು ಅಲ್ಲಿಗೆ ತಂದಿಟ್ಟೆ. ಎದುರಿಗೆ ಮುಂಬಾಗಿಲು, ಅದರಾಚೆ ಗೇಟು, ಗೇಟಿನ ಸಂದಿಯಲ್ಲಿ ರಸ್ತೆಯ ತಿರುವಿನ ಒಂದು ತುಣುಕು. ನಾನು ಅಂಗಡಿ ಮುಚ್ಚಿ ಬರುವ ದಾರಿ. ಒಳಗೆ ಬರುವಷ್ಟರಲ್ಲಿ ದಿನಾ ಒಲೆಯ ಮೇಲೆ ಕಾಫಿಗೆ ನೀರು ಕುದಿಯುತ್ತಿರುತ್ತಿತ್ತು. ಗಡಿಯಾರ ನೋಡಿ ಇಡುತ್ತಾಳೆ ಎಂದುಕೊಂಡಿದ್ದೆ. ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ ಎಂಬುದು ಆಗ ನೆನಪಾಯಿತು.

ಮನೆಯೆಲ್ಲ ಕೇಳುವ ಹಾಗೆ ಅತ್ತೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಆಮೇಲೆ ಬಕೆಟ್ಟಿನ ನೀರು ಅಂಗಳಕ್ಕೆ ಚೆಲ್ಲಿ, ಬೀಗ ಹಾಕಿ, ಮುಂದಿನ ಮನೆಗೆ ಹೋಗಿ ಬೀಗದ ಕೈ ಕೊಟ್ಟೆ. ‘ನನ್ನ ಕೈಲಿ ಆಗಲ್ಲ ಅಣ್ಣ. ನೀವು ಹಿಡ್ಕೊಳ್ಳಿ,’ ಎಂದೆ. ಅವರು ಒಂದು ತಿಂಗಳ ಬಾಡಿಗೆ ಕಳೆದು ಉಳಿದದ್ದನ್ನು ಕೈಗಿಟ್ಟರು. ಅವರ ಹೆಂಡತಿ ಕಾಫಿ ತಂದರು. ಕುಡಿಯದೆ ಬರಬೇಕೆಂದಿದ್ದೆ, ಕುಡಿದೇ ಬಂದೆ. ದಾರಿಯುದ್ದಕ್ಕೂ ಅವ್ವನಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸಿದೆ. ಅವಳು ಬಿಡಬೇಡ ಎಂದಿದ್ದನ್ನೇ ನಾನು ಬಿಟ್ಟು ಬಂದಿದ್ದೆ.

ಆ ಬೀದಿಗೆ ಮತ್ತೆ ನಾನು ಹೋಗಲಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬ್ಲೌಸ್ ಹೊಲಿಸಲು ಅಂಗಡಿಗೆ ಬಂದಳು. ಬ್ಯಾಂಕಿನಲ್ಲಿ ಕೆಲಸವಂತೆ, ಊರಿಗೆ ಹೊಸಬಳು. ಅಳತೆ ತೆಗೆಯುತ್ತ ಮನೆ ಎಲ್ಲಿ ಎಂದು ಕೇಳಿದೆ. ಹೇಳಿದಳು. ನನ್ನ ಟೇಪು ಅವಳ ಹೆಗಲ ಮೇಲೆ ಹಾಗೇ ನಿಂತಿತು.

‘ಮನೆ ಚೆನ್ನಾಗಿದೆ ಅಕ್ಕ. ಆದ್ರೆ ಹಾಲಲ್ಲಿ ಒಂದು ಎಣ್ಣೆ ಕಲೆ ಇದೆ. ಓನರ್ ಎರಡು ಸಲ ಬಣ್ಣ ಹೊಡೆಸಿದ್ರಂತೆ, ಮಳೆ ಹಿಡೀತು ಅಂದ್ರೆ ಮತ್ತೆ ಮೇಲೆ ಬರ್ತದೆ. ನಮ್ಮಮ್ಮ ಬೇರೆ ಊರಿಂದ ಬಂದಿದ್ದಾರೆ, ಕುರ್ಚಿ ಇದ್ರೂ ಹೋಗಿ ಅಲ್ಲೇ ಒರಗಿಕೊಂಡು ಕೂರ್ತಾರೆ. ಬೇರೆ ಎಲ್ಲೂ ಬೇಡವಂತೆ. ಅದೂ ತಲೆತುಂಬ ಎಣ್ಣೆ! ಆ ಕಲೆ ಅಮ್ಮನದ್ದೇ ಅಂತ ಮನೆ ಬಿಡುವಾಗ ನಮ್ಮ ಅಡ್ವಾನ್ಸಲ್ಲಿ ಹಿಡ್ಕೊಂಡ್ರೆ ಏನು ಮಾಡೋದು? ದಿನಾ ಬೈತೀನಿ ನಾನು.’

ಅವಳ ಬೆನ್ನು ನನ್ನ ಕಡೆಗಿತ್ತು, ಒಳ್ಳೆಯದಾಯಿತು. ಟೇಪನ್ನು ಸರಿಮಾಡಿ ಹಿಡಿದು ಹೆಗಲಿನ ಅಳತೆ ಬರೆದುಕೊಂಡೆ.

‘ಬೈಬೇಡ ಮಗ,’ ಎಂದೆ. ‘ಹಿಡ್ಕೊಂಡ್ರೆ ಹಿಡ್ಕೊಳ್ಲಿ. ಕೂರ್ಲಿ ಬಿಡು.’