ಗೌರಿ ಮಣ್ಣು, ಅವಲಕ್ಕಿ ಸರ

ಅಮೆರಿಕದ ಸಮಾಮಿಶ್‌ನಲ್ಲಿರುವ ನಮ್ಮ ಕನ್ನಡದವರು ಬೆನ್ನ ಹಿಂದೆ ನನ್ನನ್ನು ಗುಜರಿ ಆಂಟಿ ಎನ್ನುತ್ತಾರೆ. ಅನ್ನಲಿ. ಕೆಲಸ ಹೋದ ವರ್ಷ ಎಲ್ಲರೂ ಯೋಗ ಕ್ಲಾಸಿಗೆ ಸೇರು, ರಿಯಲ್ ಎಸ್ಟೇಟ್ ಪರೀಕ್ಷೆ ಬರೆ ಎಂದು ತಲೆ ತಿನ್ನುತ್ತಿದ್ದಾಗ ನಾನು ಹೋಗಿ ಒಂದು ಮೆಟಲ್ ಡಿಟೆಕ್ಟರ್ ಕೊಂಡುಕೊಂಡೆ. ಉದ್ದನೆಯ ಕೋಲು, ತುದಿಯಲ್ಲೊಂದು ತಟ್ಟೆ. ನೆಲದ ಮೇಲೆ ಆಡಿಸುತ್ತ ಹೋದರೆ, ಕೆಳಗೆ ಲೋಹವಿದ್ದ ಕಡೆ ಹೆಡ್‌ಫೋನಿನಲ್ಲಿ ಕೂಗುತ್ತದೆ. ಹಳೆಯ ಮನೆಗಳವರನ್ನು ಕೇಳಿಕೊಂಡು ಅವರ ಅಂಗಳದಲ್ಲಿ ಹುಡುಕುತ್ತೇನೆ. ಇದುವರೆಗೆ ಸಿಕ್ಕಿದ್ದು ಕಪ್ಪು ಹಿಡಿದ ಹಳೇ ನಾಣ್ಯಗಳು, ಯಾರದೋ ಬೆಳ್ಳಿ ಉಂಗುರ, ಒಂಟಿ ಓಲೆ, ಮತ್ತು ಬಕೆಟ್‌ಗಟ್ಟಲೆ ತುಕ್ಕು ಮೊಳೆ.

"ಅಷ್ಟೆಲ್ಲಾ ಓದ್ಕೊಂಡು ಇಲ್ಲಿ ಬಂದು ಮಣ್ಣು ಕೆದಕ್ತೀರಲ್ರೀ" ಎಂದು ಒಬ್ಬರು, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ, ಎಲ್ಲರಿಗೂ ಕೇಳಿಸುವಂತೆ ಅಂದರು. "ನೀವು ದಿನವಿಡೀ ಇಮೇಲ್ ಕೆದಕ್ತೀರಿ. ನನಗಾದ್ರೂ ಆಗಾಗ ಬೆಳ್ಳಿ ಸಿಗುತ್ತೆ" ಎಂದೆ. ಆಮೇಲೆ ಅವರು ನನ್ನ ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡರು.

ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಚಿನ್ನಕ್ಕೆ ಅಂತ ಬೇರೆ ದನಿ ಇಲ್ಲ. ತೆಳು ಚಿನ್ನವೂ ಚಾಕೊಲೇಟ್ ಸುತ್ತಿದ ಬೆಳ್ಳಿ ಕಾಗದವೂ ಒಂದೇ ಥರ ಕೀರಲಾಗಿ ಕೂಗುತ್ತವೆ. ಕಸಕ್ಕೆ ಯಾರು ಬಗ್ಗುತ್ತಾರೆ ಎನ್ನುವವರು ಚಿನ್ನವನ್ನೂ ಬಿಟ್ಟು ಮುಂದೆ ಹೋಗುತ್ತಾರೆ. ನಾನು ಎಲ್ಲದಕ್ಕೂ ಬಗ್ಗುತ್ತೇನೆ.

ನಾನು ಮೈಸೂರಿನ ಮುಸ್ಲಿಂ ಮನೆಯವಳು. ಪಕ್ಕದ ಮನೆಯ ಹುಡುಗಿ ಹಾಸನದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಗೌರಿ ಹಬ್ಬಕ್ಕೆ ಅವಳು ಮೊದಲು ಕರೆಯುವುದು ನನ್ನನ್ನೇ. ಈ ಸಲ ಅವಳ ಅತ್ತೆಯೂ ಊರಿಂದ ಬಂದಿದ್ದರು. ತಮ್ಮ ತೆಳು ಚಿನ್ನದ ಅವಲಕ್ಕಿ ಸರವನ್ನು ಮಣ್ಣಿನ ಗೌರಿಯ ಕೊರಳಿಗೆ ತಾವೇ ಹಾಕಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ನೋಡಿದ್ದೇ ತಡ, ಗೌರಿಗೆ ಏರಿಸಿದ್ದ ಹತ್ತಿಯ ಗೆಜ್ಜೆವಸ್ತ್ರವನ್ನು ಸರದ ಮೇಲೆ ಎಳೆದು ಮುಚ್ಚಿಬಿಟ್ಟರು. ಕಣ್ಣು ಬೀಳಬಾರದು ಅಂತ. ಮುಸ್ಲಿಂ ಅಂತಲೋ, ಚಿನ್ನ ಹುಡುಕುವವಳು ಅಂತಲೋ, ನಾನು ಕೇಳಲಿಲ್ಲ. ಸಿಟ್ಟು ಬಂತು, ಆದರೆ ಕಡುಬು ಚೆನ್ನಾಗಿತ್ತು, ತಿಂದು ಬಂದೆ.

ನವರಾತ್ರಿಯ ಶನಿವಾರ ಆ ಹುಡುಗಿ ನನ್ನ ಅಡುಗೆಮನೆಗೆ ಬಂದಳು. ಅತ್ತು ಮುಖ ಊದಿಕೊಂಡಿತ್ತು.

"ಆಂಟಿ, ಅತ್ತೆಯವರ ಅವಲಕ್ಕಿ ಸರ ಕಾಣಿಸ್ತಿಲ್ಲ. ಹಬ್ಬ ಆದ್ಮೇಲೆ ಒಡವೆಯೆಲ್ಲಾ ತೆಗೆದು ಬಾಕ್ಸಲ್ಲಿ ಇಟ್ಟಿದ್ದು ನಾನೇ. ಇವತ್ತು ಓಪನ್ ಮಾಡಿದ್ರೆ ಅದೊಂದೇ ಇಲ್ಲ."

"ಬೈದ್ರಾ?"

"ಬೈದಿದ್ರೆ ಆಗ್ತಿತ್ತು. ಅವರ ತಂಗಿಗೆ ಕಾಲ್ ಮಾಡಿ, ಸರ ಇವಳ ತವರಿಗೆ ಹೋಗಿರ್ಬೇಕು ಅಂತ ಹೇಳ್ತಿದ್ರು. ನಮ್ಮ ಮನೆಯವರು ಪಕ್ಕದಲ್ಲೇ ಕೂತು ಕೇಳಿಸ್ಕೊಂಡು ಸುಮ್ನಿದ್ರು."

ಅವಳ ತಮ್ಮ ಹಾಸನದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಆ ಮಾತು ಎಲ್ಲಿಗೆ ಹೋಗಿ ನಾಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಫೋನಿನಲ್ಲಿ ಅವಳು ಕಳ್ಳಿಯಾಗಿಬಿಟ್ಟಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಗೌರಿನ ಎಲ್ಲಿ ಬಿಟ್ರಿ?"

"ಬ್ಯಾಕ್‌ಯಾರ್ಡಲ್ಲಿ, ಟಬ್‌ನಲ್ಲಿ. ಕರಗಿದ ಮೇಲೆ ಹೈಡ್ರೇಂಜಾ ಹೂಗಿಡದ ಬುಡಕ್ಕೆ ಸುರಿದ್ವಿ."

"ಗೆಜ್ಜೆವಸ್ತ್ರ ತೆಗೆದಿದ್ರಾ?"

"ಅದನ್ನ ಯಾರು ತೆಗೀತಾರೆ ಆಂಟಿ? ಹೂವು, ಗೆಜ್ಜೆವಸ್ತ್ರ ಎಲ್ಲಾ ಸಮೇತ ಬಿಡೋದು."

ಹಬ್ಬದ ದಿನ ಅವಳ ಅತ್ತೆ ಸರದ ಮೇಲೆ ಗೆಜ್ಜೆವಸ್ತ್ರ ಎಳೆದು ಮುಚ್ಚಿದ್ದನ್ನು ಹೇಳಿದೆ. ಒಡವೆ ತೆಗೆಯುವಾಗ ಅದರಡಿ ನೋಡಿರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು. ನಾನು ಗ್ಯಾರೇಜಿಗೆ ಹೋಗಿ ಮೆಷಿನ್ ತಂದೆ.

ಜಿನುಗು ಮಳೆ. ಹೈಡ್ರೇಂಜಾದ ಬುಡಕ್ಕೆ ಮರದ ತೊಗಟೆಯ ಚೂರು ಹರಡಿದ್ದರು. ನಾನು ಹೆಡ್‌ಫೋನ್ ಹಾಕಿಕೊಳ್ಳುವಷ್ಟರಲ್ಲಿ ಅವಳ ಅತ್ತೆ ತಮ್ಮ ಮಗನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

"ಏನದು?"

"ನಿಮ್ಮ ಸರ ಹುಡುಕ್ತಿದೀನಿ."

"ಅದು ಗೌರಿ ಬಿಟ್ಟ ಜಾಗ. ಅಲ್ಲೆಲ್ಲಾ ನೀವುಗಳು ಅಗೆಯೋ ಹಾಗಿಲ್ಲ."

ನೀವುಗಳು. ನಾನು ಒಬ್ಬಳೇ ನಿಂತಿದ್ದೆ.

"ಅಗೆಯಲ್ಲಮ್ಮ, ಬರೀ ಕೇಳಿಸ್ಕೊತೀನಿ. ಕೇಳಿಸ್ಕೊಳ್ಳೋಕೂ ಮಡಿ ಬೇಕಾ?"

ಹುಡುಗಿ ನನ್ನ ತೋಳು ಹಿಡಿದು "ಬಿಡಿ ಆಂಟಿ, ಬೇಡ" ಎಂದು ಪಿಸುಗುಟ್ಟಿದಳು. ಬಿಡುವ ಜಾತಿ ನನ್ನದಲ್ಲ. ತಟ್ಟೆಯನ್ನು ನೆಲಕ್ಕೆ ತಾಗಿಸಿ ನಿಧಾನ ಆಡಿಸಿದೆ. ಬೇಲಿಯ ಹತ್ತಿರ ಒಂದು ಮೊಳೆ ಗೊರಗೊರ ಎಂದಿತು. ಗಿಡದ ಈಚೆ ಏನೂ ಇಲ್ಲ. ಆಚೆ ಬಗ್ಗಿದಾಗ ಕೀರಲು ದನಿಯೊಂದು ಬಂತು. ಹಿಂದಕ್ಕೆ ಎಳೆದೆ, ಮತ್ತೆ ಬಂತು. ಚಿನ್ನವಿರಬಹುದು, ಪಕ್ಕದ ಮನೆ ಮಕ್ಕಳು ಎಸೆದ ಚಾಕೊಲೇಟ್ ಕಾಗದವೂ ಇರಬಹುದು. ಕಾಗದವಾಗಿದ್ದರೆ ನನಗೆ ಗುಜರಿ ಎಂಬ ಹೆಸರು ಮೊದಲೇ ಇದೆ. ಅವಳಿಗೆ ಅಂಟುವ ಹೆಸರು ಮಾತ್ರ ಜನ್ಮದಲ್ಲಿ ಹೋಗುವುದಿಲ್ಲ. ನಿಜಕ್ಕೂ ಹೆದರಿದೆ. ಹೆದರಿಕೆಯನ್ನು ತೋರಿಸಿಕೊಳ್ಳಲಿಲ್ಲ.

ಆ ಜಾಗದಲ್ಲಿ ಬೂಟಿನಿಂದ ಗೆರೆ ಎಳೆದು, ನನ್ನ ಕೈಸಲಿಕೆಯನ್ನು ಅತ್ತೆಯ ಮುಂದೆ ಹಿಡಿದೆ.

"ನಾನು ಅಗೆಯಲ್ಲ ಅಂದೆನಲ್ಲ. ನೀವೇ ಅಗೀರಿ."

"ನಾನಾ?"

"ಗೌರಿ ನಿಮ್ಮೋಳು, ಸರ ನಿಮ್ಮದು. ಅನುಮಾನಾನೂ ನಿಮ್ಮದೇ."

ಅವರು ಮಗನ ಕಡೆ ನೋಡಿದರು. ಅವನು ಗಾಜಿನ ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ, ಹೊರಗೆ ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಕೂತರು. ತೊಗಟೆ ಸರಿಸಿದರು, ಕರಿಮಣ್ಣು ಸರಿಸಿದರು. ಅದರ ಕೆಳಗೆ ಗೌರಿಯ ಬೂದುಬಣ್ಣದ ಜೇಡಿಮಣ್ಣು ಸಿಕ್ಕಿತು. ಅದರೊಳಗಿಂದ ಕುಂಕುಮ ಇಳಿದು ಕೆಂಪಾದ ಹತ್ತಿಯ ಉಂಡೆ. ಅವರು ಸಲಿಕೆ ಬಿಟ್ಟು ಬೆರಳಲ್ಲಿ ಹತ್ತಿಯನ್ನು ಬಿಡಿಸತೊಡಗಿದರು. ಸರ ಹತ್ತಿಗೆ ಸುತ್ತಿಕೊಂಡೇ ಇತ್ತು.

ಅತ್ತೆ ಅದನ್ನು ಸೆರಗಿನ ತುದಿಯಲ್ಲಿ ಒರೆಸಿ, ಏನೂ ಆಗೇ ಇಲ್ಲವೆಂಬಂತೆ ಸೊಸೆಯತ್ತ ಚಾಚಿದರು.

"ತಗೋ. ತೊಳೆದು ಒಳಗಿಡು."

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಎದುರು ಮಾತಾಡಿದ್ದನ್ನು ನಾನು ಎಂದೂ ಕೇಳದ ಹುಡುಗಿ.

"ನಿಮ್ಮ ಹತ್ರಾನೇ ಇರ್ಲಿ ಅತ್ತೆ. ಮೊದಲು ನಿಮ್ಮ ತಂಗಿಗೆ ಕಾಲ್ ಮಾಡಿ. ಸರ ಎಲ್ಲಿತ್ತು, ಯಾರು ಮುಚ್ಚಿಟ್ಟಿದ್ರು, ಹೇಳಿ. ಈಗಲೇ, ನನ್ನ ಎದುರಿಗೆ."

"ಊರಲ್ಲೀಗ ಮಧ್ಯರಾತ್ರಿ ಕಣೆ."

"ಎಬ್ಬಿಸಿ."

ನಾನು ಗುಂಡಿ ಮುಚ್ಚಲಿಲ್ಲ. ಆ ಕಡೆಯವರು ಫೋನ್ ಎತ್ತುವ ತನಕ ಮಳೆಯಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದೆ.