ಬಾಯಿ ತೆಗೀರಿ
ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ ಟೆಂಪೊ ಓಡಿಸುವ ನನ್ನ ಗಂಡನ ಕೆನ್ನೆಯೊಳಗೆ ಬಿಳಿ ಕಲೆ ಕಂಡ ಡಾಕ್ಟರು, ತಂಬಾಕು ಬಿಡದಿದ್ದರೆ ಮುಂದೆ ಕೊಯ್ಯಬೇಕಾದೀತು ಎಂದಿದ್ದರು. ಈ ಮಹಾಶಯರಿಗೋ ಅದೇ ನಗು! ಈಸ್ಟರಿಗೆ ಮುಂಚಿನ ನಲವತ್ತು ದಿನ ನಮ್ಮ ಚರ್ಚಿನ ಸಭೆಯವರು ಒಂದೊಂದು ಚಟ ಬಿಡುತ್ತೇವೆ. ಈ ಸಲ ತಂಬಾಕು ಬಿಡಿ ಎಂದು ಗಂಟುಬಿದ್ದೆ.

"ಯೇಸುಸ್ವಾಮಿ ದೇವರಿದ್ದರು, ಅಡವ್ಯಾಗ ಸೈತಾನನ್ನ ಗೆದ್ದರು. ಅವರಿಗಿ ಪಾಪ ಮಾಡಾಕೇ ಬರ್ತಿರ್ಲಿಲ್ಲ. ನಾ ಮನುಷ್ಯಾ ಇದ್ದೀನಿ ನಮ್ಮವ್ವಾ!"

ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಈ ಮಾತು! "ನಲವತ್ತು ದಿನದ ಹಸಿವಿ ಏನ್ ನಾಟಕ ಏನ್ರಿ? ಈ ಕಲ್ಲು ರೊಟ್ಟಿ ಮಾಡ್ಕೊಂಡು ತಿನ್ನು ಅಂತ ಸೈತಾನ ಕೆಣಕಿದ್ರೂ, ತಾಕತ್ತಿದ್ದೂ ಮಾಡ್ಲಿಲ್ಲ ಅವರು!" ಎಂದು ಹರಿಹಾಯ್ದೆ. ಕೊನೆಗೆ ಒಪ್ಪಿದರು.

ಒಪ್ಪಿದರೆ ನಂಬುವವಳೇ ನಾನು? ಜೇಬಿನಲ್ಲಿದ್ದ ಹೊಸ ತಂಬಾಕಿನ ಪೊಟ್ಟಣ ಕಿತ್ತುಕೊಂಡು, ಈಸ್ಟರಿನ ದಿನ ಅವರೆದುರೇ ಒಲೆಗೆ ಹಾಕಬೇಕೆಂದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಇಲ್ಲಿಂದ ಕಲ್ಯಾಣದವರೆಗೂ ಪಾನ್ ಅಂಗಡಿಯವರಿಗೆಲ್ಲ ಇವರಿಗೆ ಕೊಡಬೇಡಿ ಎಂದು ತಾಕೀತು ಮಾಡಿ ಬಂದೆ. ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ, "ಬಾಯಿ ತೆಗೀರಿ" ಎಂದು ಮೂಸಿ ನೋಡುತ್ತಿದ್ದೆ.

ಮೂರನೆಯ ಭಾನುವಾರ, ದೇವರ ಉಪಕಾರವನ್ನು ಎದ್ದು ನಿಂತು ಹೇಳುವ ಸಾಕ್ಷಿಯ ಹೊತ್ತಿಗೆ, ಇವರು ಎದ್ದರು. ನಾನು ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಕುಳಿತೆ.

"ನಾ ಏನೂ ಗೆದ್ದಿಲ್ರಿ. ಸ್ವಾಮಿ ಮುಂದ ರೊಟ್ಟಿ ಮಾಡಾಕ ಕಲ್ಲರ ಇದ್ದವು. ನನ್ನ ಮುಂದ ಏನೂ ಇಲ್ಲ, ಎಲ್ಲಾ ಬಂದ್ ಮಾಡ್ಯಾಳ ಇಕಿ. ತಂಬಾಕು ಬಿಟ್ಟಾಕಿ ಇಕಿ, ನಾ ಅಲ್ಲ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಪಾಸ್ಟರೂ ನಕ್ಕರು! ನನ್ನ ಮಾನ ಮೂರಾಬಟ್ಟೆಯಾಯಿತು. ಮನೆಗೆ ಬಂದವಳೇ ಟ್ರಂಕು ತೆಗೆದು ಪೊಟ್ಟಣವನ್ನು ಅವರ ಮುಂದೆ ಒಗೆದೆ.

"ತಗೋರಿ! ತಿಂದು ಸಾಯ್ರಿ!"

ಆ ಮಾತು ಬಾಯಿಂದ ಬಿದ್ದ ಕೂಡಲೇ ಪೊಟ್ಟಣ ಹಿಂದಕ್ಕೆ ತೆಗೆದುಕೊಳ್ಳಲು ಬಾಗಿದೆ. ಅಷ್ಟರಲ್ಲಿ ಅವರು ಅದನ್ನು ಜೇಬಿಗಿಟ್ಟುಕೊಂಡು ಟೆಂಪೊ ಹತ್ತಿದರು.

ಮಧ್ಯಾಹ್ನವೆಲ್ಲ ಯಾರ್ಯಾರನ್ನು ಬೈದೆನೋ! ಗಂಡನನ್ನು, ಪಾಸ್ಟರನ್ನು, ತಿನ್ನುವುದೂ ಬಿಡುವುದೂ ನಿನ್ನಿಷ್ಟ ಎಂದು ಮನುಷ್ಯನ ಕೈಗೇ ಕೊಟ್ಟು ಕೂತ ದೇವರನ್ನೂ. ಒಲೆಯ ಮೇಲಿದ್ದ ಅನ್ನ ಸೀದುಹೋಯಿತು.

ಸಂಜೆ ಅವರು ಬಾಗಿಲಿಗೆ ಬಂದಾಗ ಬಾಯಿ ಮೂಸುವ ಧೈರ್ಯ ನನಗಿರಲಿಲ್ಲ. ಪೊಟ್ಟಣವನ್ನು ನನ್ನ ಕೈಗಿಟ್ಟರು. ಬಿಚ್ಚಿರಲಿಲ್ಲ. ಹಿಡಿದು ಹಿಡಿದು ಬೆವರಿಗೆ ಒದ್ದೆಯಾಗಿತ್ತು.

"ಇವತ್ತ ಭಾಳ ತ್ರಾಸ ಆತು," ಎಂದರು.

ಆಮೇಲೆ ದೀಪದ ಕೆಳಗೆ ನಿಂತು, ನಾನು ಹೇಳದೆಯೇ ಬಾಯಿ ತೆರೆದರು.